ಕಚ್ಚದ ಮೀನು

ಸಗರದಾಚೆಯ ಧಣಿಗಳ ವಾಡೆಯಲ್ಲಿ ಮೀನಿನ ಹೊಂಡ ಕಾಯುವ ನನ್ನ ತಮ್ಮ ಹುಲಗಪ್ಪನಿಗೆ,

ಕಕ್ಕೇರಾದ ಹಳ್ಳದ ದಂಡೆಯಿಂದ ನಿನ್ನ ಅಕ್ಕ ಮೌನಮ್ಮ ಬರೆಸುತ್ತಿರುವ ಕಾಗದ. ‘ನಾವೆಲ್ಲ ಇಲ್ಲಿ ಕ್ಷೇಮ’ ಎಂದು ಮೊದಲು ಬರೆಯಬೇಕಂತೆ. ಬೇಡ ಎಂದೆ. ಬರೆಯುತ್ತಿರುವವರು ಬಸವಂತ್ರಾಯ ಮಾಸ್ತರರು, ತಮ್ಮ ಮನೆಯ ಕಟ್ಟೆಯ ಮೇಲೆ ಊರ ಮಕ್ಕಳನ್ನು ಕೂರಿಸಿಕೊಂಡು ಕನ್ನಡ ಕಲಿಸುವವರು. ನಾನು ಹೇಳಿದ್ದನ್ನು ಪುಸ್ತಕದ ಮಾತಿಗೆ ತಿರುಗಿಸಿ ಬರೆಯುತ್ತಾರೆ. ‘ಮಾತು ತಿದ್ರಿ ಮಾಸ್ತರ್ರ, ಸಿಟ್ಟು ತಿದ್ದಬ್ಯಾಡ್ರಿ’ ಎಂದು ಹೇಳಿಯೇ ಕೂತಿದ್ದೇನೆ. ನಿನಗೆ ಓದಲು ಬರುತ್ತದೆ. ವಾಡೆ ನಿನಗೆ ಕೊಟ್ಟ ಒಳ್ಳೆಯದು ಅದೊಂದೇ. ಅದನ್ನು ಇವತ್ತು ನನ್ನ ಸಲುವಾಗಿ ಬಳಸು, ಬೇರೆಯವರ ಕೈಯಲ್ಲಿ ಓದಿಸಬೇಡ.

ದೀಪಾವಳಿ ಮುಗಿದ ಮೇಲೆ ನೀನು ಕಳಿಸಿದ ಗಾಡಿ ಬರಿದೇ ತಿರುಗಿ ಬಂದದ್ದು ನೋಡಿ ನಿನಗೆ ಸಿಟ್ಟು ಬಂದಿರಬೇಕು. ಗಾಡಿಯವನ ಬಾಯಲ್ಲಿ ನೀನು ಹೇಳಿ ಕಳಿಸಿದ್ದು ನನಗೆ ಪೂರಾ ನೆನಪಿದೆ. ‘ದೇವಿಂದ್ರನ್ನ ಗಾಡ್ಯಾಗ ಕುಂದ್ರಸಿ ಕಳಸಕ್ಕಾ. ಇಲ್ಲಿ ಎರಡೂ ಹೊತ್ತು ಉಣ್ಣಾಕ ಸಿಗತದ. ಹೊಂಡದ ಕೆಲಸ ಕಲಸ್ತೀನಿ. ನನ್ನ ಹಿಂದ ಯಾರರೆ ಬೇಕಲ್ಲ.’ ಈ ಸಲ ಆಗದಿದ್ದರೆ ಎಳ್ಳಮಾಸಿಗೆ ಗಾಡಿ ಮತ್ತೆ ಬರುತ್ತದೆ, ಅದರಲ್ಲಿ ನಮ್ಮ ಮಡುವಿಗೆ ಇನ್ನೂ ಚಲೋ ಮೀನು ಬರುತ್ತವೆ ಎಂದೂ ಅವನು ಹೇಳಿದ. ದೇವಿಂದ್ರ ಈಗ ನನಗೆ ಉಳಿದಿರುವ ಒಂದೇ ಮಗು. ಕಳಿಸಬೇಕೋ ಬೇಡವೋ ಎಂಬುದಕ್ಕೆ ನನ್ನ ಉತ್ತರ ಈ ಕಾಗದದಲ್ಲಿದೆ. ಆದರೆ ಅದಕ್ಕೆ ಮೊದಲು ನಿನ್ನ ಮೀನಿನ ಮಾತು ಆಗಬೇಕು.

ನಮ್ಮ ಮಡು ಹೇಗಿತ್ತು ಎಂಬುದು ನಿನಗೆ ಮರೆತಿದೆಯೋ ಏನೋ. ಹತ್ತು ತುಂಬುವ ಮೊದಲೇ ನಿನ್ನನ್ನು ವಾಡೆಗೆ ಕೊಟ್ಟರು. ಆದರೂ ಮಿರಗದ ಮುಂಗಾರು ಮಳೆ ಬಿದ್ದಾಗ ನಾವಿಬ್ಬರೂ ಬಂಡೆಯ ಮೇಲೆ ಹೊಟ್ಟೆ ಅಡಿ ಮಾಡಿ ಮಲಗಿ ಮರಲ ಮೀನಿನ ಮದುವೆ ನೋಡುತ್ತಿದ್ದೆವಲ್ಲ, ಅದನ್ನಾದರೂ ಮರೆತಿರಲಾರೆ. ಹಾವಿನಂಥ ತಲೆಯ ಆ ಗಂಡು ಮೀನು ಬೇರೆ ಗಂಡುಗಳನ್ನು ಅಟ್ಟಿಸಿಕೊಂಡು ಹೋಗಿ ಮೂತಿ ಒಡೆಯುತ್ತಿತ್ತು. ಆಮೇಲೆ ಬಂದು ದಂಡೆಯ ಆಪುಹುಲ್ಲಿನ ನಡುವೆ ಬಾಯಿಂದ ಹುಲ್ಲು ಕಿತ್ತು ಕಿತ್ತು ತಟ್ಟೆಯಷ್ಟು ಜಾಗ ಹಸನು ಮಾಡುತ್ತಿತ್ತು. ಹೆಣ್ಣು ಬಂದು ನೋಡುತ್ತಿತ್ತು, ಮನಸ್ಸಿಗೆ ಬರದಿದ್ದರೆ ಹೋಗಿಯೇ ಬಿಡುತ್ತಿತ್ತು. ನೀನು ನಗುತ್ತಿದ್ದೆ. ‘ಅಕ್ಕಾ, ಒಲ್ಲೆ ಅಂದಳ ನೋಡು’ ಅನ್ನುತ್ತಿದ್ದೆ. ಗಂಡು ಮತ್ತೆ ಹುಲ್ಲು ಕೀಳುತ್ತಿತ್ತು. ಕೊನೆಗೆ ಒಪ್ಪಿದ ಜೋಡಿ ಆ ಹಸನಾದ ಜಾಗದಲ್ಲೇ ತತ್ತಿ ಬಿಟ್ಟು, ಮರಿ ಆಗಿ, ಕೆಂಪು ಮರಿಗಳ ಗುಂಪು ಉಸಿರಿಗೆಂದು ಮೇಲೆ ಕೆಳಗೆ ಆಡುವವರೆಗೂ ಅಡಿಯಲ್ಲಿ ಕಾಯುತ್ತಾ ನಿಂತಿರುತ್ತಿತ್ತು. ಆ ಹೊತ್ತಿನಲ್ಲಿ ನೀರಿಗೆ ಕೈ ಇಟ್ಟರೆ ಬೆರಳು ಹರಿಯುವಂತೆ ಕಚ್ಚುತ್ತಿತ್ತು.

ಅದಕ್ಕೇ ಅಲ್ಲವೇ ನಮ್ಮವರು ಬಾಣಂತಿ ನೀರು ಮಾಡಿದ್ದು. ಕೆಂಪು ಮರಿಗಳ ಗುಂಪು ಕಂಡ ಕಡೆ ದಂಡೆಯಲ್ಲಿ ಕೋಲು ನೆಟ್ಟು ಕೆಂಪು ಅರಿವೆ ಕಟ್ಟುತ್ತಾರೆ. ಅರಿವೆ ಇಳಿಸುವವರೆಗೆ ಆ ಮೂಲೆಯಲ್ಲಿ ಬಲೆ ಇಲ್ಲ, ಗಾಳ ಇಲ್ಲ, ಬಟ್ಟೆ ಒಗೆಯುವುದೂ ಇಲ್ಲ. ಉಳಿದ ಮಡುವಿನಲ್ಲಿ ಹಿಡಿದು ಉಣ್ಣಬೇಕು. ನಮ್ಮಪ್ಪ ಸಿಟ್ಟಿನ ಮನುಷ್ಯ, ಆದರೆ ಆ ಅರಿವೆಯ ಹತ್ತಿರ ಜೋರಾಗಿ ಮಾತೂ ಆಡುತ್ತಿರಲಿಲ್ಲ.

ಜರ್ಮನ್ ಲಡಾಯಿಗೆ ಹಗ್ಗ ಬೇಕು ಅಂದ ಗುತ್ತೇದಾರ ಹೋದ ಚಳಿಗಾಲ ಗಾಡಿಗಟ್ಟಲೆ ಪುಂಡಿಕಟ್ಟಿಗೆ ತಂದು ನಮ್ಮ ಮಡುವಿನಲ್ಲೇ ಕೊಳೆ ಹಾಕಿಸಿದ. ನಾರು ಬಿಟ್ಟಿತು, ಹಗ್ಗ ಹೊಸೆದರು, ಗುತ್ತೇದಾರ ಹೋದ. ನೀರು ಕರ್ರಗೆ ಕೊಳೆತು, ಬೇಸಿಗೆಯ ಹೊತ್ತಿಗೆ ಒಂದು ಕಪ್ಪೆಯೂ ಉಳಿಯಲಿಲ್ಲ. ಈ ಸಲದ ಮೊದಲ ಮಳೆ ಬಂದು ಮಡು ತೊಳೆದು ಹೋಯಿತು, ನೀರು ಕನ್ನಡಿಯ ಹಾಗಾಯಿತು, ಆದರೆ ಅದರಲ್ಲಿ ಮೀನಿರಲಿಲ್ಲ. ಆಗ ನೀನು ವಾಡೆಯ ಹೊಂಡದ ಮೀನು ಕಳಿಸಿದೆ. ಒದ್ದೆ ಹುಲ್ಲು ಹಾಕಿದ ಗಡಿಗೆಗಳಲ್ಲಿ ಅವು ಜೀವ ಹಿಡಿದುಕೊಂಡು ಬಂದವು. ಎಂಥ ಮೀನು! ತೊಡೆಯಷ್ಟು ದಪ್ಪ. ಊರೆಲ್ಲ ಬಂದು ನೋಡಿತು. ಗಂಗಮ್ಮನಿಗೆ ಕಾಯಿ ಒಡೆದು ನೀರಿಗೆ ಬಿಟ್ಟೆವು. ಅವತ್ತು ನನ್ನ ತಮ್ಮ ಎಂದು ಹೇಳಿಕೊಳ್ಳುತ್ತಾ ನಾನು ನೆಲದ ಮೇಲೆ ನಿಲ್ಲಲಿಲ್ಲ.

ಅದೇ ಮೀನುಗಳನ್ನು ನಾನು ನಿನ್ನ ಹೊಂಡದಲ್ಲಿ ನೋಡಿದ್ದೆ. ನಿನ್ನ ಹೆಂಡತಿ ಭೀಮವ್ವ ಸತ್ತ ವರ್ಷ ನಿನ್ನನ್ನು ಮಾತಾಡಿಸಿಕೊಂಡು ಹೋಗಲು ಬಂದಿದ್ದೆನಲ್ಲ, ಆಗ. ನೀನು ಕಲ್ಲಿನ ಮೆಟ್ಟಿಲ ಮೇಲೆ ಹಿತ್ತಾಳೆಯ ಚೆಂಬು ಬಡಿದೆ, ಅವೆಲ್ಲ ಬಂದು ನಿನ್ನ ಅಂಗೈಯೊಳಗೆ ಬಾಯಿ ಇಟ್ಟವು. ನಾನು ಅಂಜಿ ಹಿಂದೆ ಸರಿದೆ. ನೀನು ನಕ್ಕೆ. ‘ಅಂಜಬ್ಯಾಡಕ್ಕಾ, ಇವು ಕಚ್ಚಂಗಿಲ್ಲ. ಕಚ್ಚೂವು ಎಲ್ಲಾ ಎಂದೋ ಅಡಗಿಮನಿಗೆ ಹೋಗ್ಯಾವ.’

ಆಮೇಲೆ ನೀನು ನಿನ್ನ ಕಸುಬನ್ನು ಹುಮ್ಮಸ್ಸಿನಿಂದ ಬಿಡಿಸಿ ಹೇಳಿದೆ. ಮರಿ ಮೊಗೆಯಲು ಹೋದಾಗ ಯಾವ ಮೀನು ಮೈಮೇಲೆ ಬಂತೋ ಅದು ಹೈದರಾಬಾದಿನಿಂದ ಬರುವ ಅತಿಥಿಗಳ ಊಟಕ್ಕೆ. ಯಾವ ಮೀನು ತನ್ನ ಮರಿ ಮೊಗೆಯುವುದನ್ನು ನೋಡುತ್ತಾ ಸುಮ್ಮನೆ ನಿಂತಿತೋ ಅದು ಬೀಜಕ್ಕೆ. ನಿನಗಿಂತ ಮುಂಚೆ ಇದ್ದ ಮುದುಕನೂ ಹಾಗೆಯೇ ಮಾಡುತ್ತಿದ್ದನಂತೆ. ಜಗಳಗಂಟಿ ಗಂಡು ಬೇಡ, ಗೂಡು ಗೀಡು ಎಂದು ಮೈ ಸವೆಸುವ ಗಂಡು ಬೇಡ, ತಿಂದು ಕೊಬ್ಬುವುದು ಬೇಕು. ಹೆಣ್ಣಿಗೆ ಆರಿಸಿಕೊಳ್ಳುವ ಕೆಲಸವೇ ಇಲ್ಲ, ಯಾವ ಗಂಡಿನ ಜೊತೆ ತೊಟ್ಟಿಗೆ ಬಿಟ್ಟರೋ ಅದೇ ಗಂಡ. ‘ಈಗ ನೋಡಕ್ಕಾ, ಜಗಳ ಇಲ್ಲ, ತಂಟಿ ಇಲ್ಲ. ಗೂಡು ಕಟ್ಟೂದನ್ನ ಮರತಾವ. ಎಲ್ಲಿ ಬೇಕಾದಲ್ಲಿ ತತ್ತಿ ಬಿಡ್ತಾವ, ನಾ ಅರಿವ್ಯಾಗ ಎತ್ತಿ ನೀರಿನ ಬಾನ್ಯಾಗ ಹಾಕ್ತೀನಿ. ಬಿಟ್ರ ತಾವ ತಿಂತಾವ’ ಅಂದೆ.

ಬಿಟ್ಟರೆ ತಾವೇ ತಿನ್ನುತ್ತವೆ ಎಂದು ನೀನು ನಗುತ್ತಾ ಹೇಳಿದ ಮಾತು ಹುಲಗಾ, ಗಡಿಗೆಗಳ ಜೊತೆ ನಮ್ಮ ಊರಿಗೆ ಬರಲಿಲ್ಲ. ನನ್ನ ಕಿವಿಯಲ್ಲೂ ಅದು ನಿಂತಿರಲಿಲ್ಲ. ಯಾಕೆಂದರೆ ಆಗ ನನ್ನ ಕಣ್ಣು ಹೊಂಡದ ಮೇಲೆ ಇರಲಿಲ್ಲ, ಅಂಗಳ ದಾಟಿ ಹೋಗುತ್ತಿದ್ದ ಕಲ್ಯಾಣಮ್ಮನ ಮೇಲಿತ್ತು.

ನಿನ್ನ ಮಗಳು. ತಲೆಗೆ ಎಣ್ಣೆ, ಮೈಮೇಲೆ ಗಟ್ಟಿ ಲಂಗ, ಕೈಯಲ್ಲಿ ವಾಡೆಯ ಒಡತಿ ಬಾಯಿಸಾಹೇಬರ ಎಲೆಯಡಿಕೆಯ ತಟ್ಟೆ. ನಾನು ‘ಅವ್ವೀ, ಬಾ ಇಲ್ಲಿ, ನಾ ನಿನ್ನ ಸ್ವಾದರತ್ತಿ’ ಎಂದು ಕರೆದೆ. ನಿಂತಳು. ನನ್ನನ್ನು ನೋಡಿದಳು, ನಿನ್ನನ್ನು ನೋಡಿದಳು, ‘ಬಾಯಿಸಾಬರು ಕಾಯಾಕತ್ತಾರ್ರಿ’ ಎಂದು ಹೋದಳು. ಮಗಳು ಅಪ್ಪನಿಗೆ ‘ರಿ’ ಹಚ್ಚಿ ಮಾತಾಡಿದಳು. ನೀನು ಬಗ್ಗಿ ಚೆಂಬು ತೊಳೆಯತೊಡಗಿದೆ.

ಭೀಮವ್ವ ನನಗೆ ಬಳಿಚಕ್ರದಲ್ಲಿ, ಅವಳ ತವರಿನಲ್ಲಿ, ಸಾಯುವ ಮೊದಲು ಎಲ್ಲ ಹೇಳಿದ್ದಾಳೆ. ಕಲ್ಯಾಣಿ ಮೊಲೆ ಬಿಟ್ಟ ಕೂಡಲೇ ವಾಡೆಯ ಆಳು ಬಂದ. ಬಾಯಿಸಾಹೇಬರಿಗೆ ಒಳಮನೆಯಲ್ಲಿ ಬೆಳೆಸಲು ಒಂದು ಹೆಣ್ಣು ಕೂಸು ಬೇಕಾಗಿತ್ತು. ಭೀಮವ್ವ ಕೊಡಲಿಲ್ಲ. ಆಳು ಕೈ ಹಾಕಿದ, ಇವಳು ಅವನ ಮುಂಗೈ ಕಚ್ಚಿ ಹಿಡಿದಳು. ಆಗ ಅವಳ ದವಡೆ ಬಿಡಿಸಿದವನು ನೀನು. ಆಳಲ್ಲ, ನೀನು. ಈಕೆಯದು ತಂಟೆ ಎಂದು ವಾಡೆಯವರು ಅವಳನ್ನು ಸಂಜೆಯೊಳಗೆ ತವರಿಗೆ ಅಟ್ಟಿದರು, ನಿನ್ನನ್ನು ಹೊಂಡಕ್ಕೆ ಹಿರಿಯನನ್ನಾಗಿ ಮಾಡಿದರು. ಕಚ್ಚಿದವಳು ಹೊರಗೆ, ಸುಮ್ಮನೆ ನಿಂತವನು ಒಳಗೆ. ನಿನ್ನ ಕಸುಬನ್ನು ನಿನ್ನ ಮೇಲೆಯೇ ಮಾಡಿದರು, ನಿನಗೆ ಅದು ಗೊತ್ತಾಗಲಿಲ್ಲ.

ಸರಿ, ನಮ್ಮ ಮಡುವಿಗೆ ಬರುತ್ತೇನೆ. ನೀನು ಕಳಿಸಿದ ಮೀನು ಕಾರಹುಣ್ಣಿಮೆಯ ಹೊತ್ತಿಗೇ ತತ್ತಿ ಬಿಟ್ಟವು. ಒಂದು ಕಡೆ ಅಲ್ಲ, ಎಲ್ಲ ಕಡೆ. ಆಪಿನಲ್ಲಿ, ಬಂಡೆಯ ಪಕ್ಕದಲ್ಲಿ, ದನ ಇಳಿಯುವಲ್ಲಿ, ನಟ್ಟನಡುವಿನಲ್ಲಿ. ಗೂಡು ಗೊತ್ತಿದ್ದರೆ ಗೂಡಿನಲ್ಲಿ ಬಿಡುತ್ತಿದ್ದವು. ನೀರ ಮೇಲೆ ಸಜ್ಜೆಕಾಳಿನಂಥ ತತ್ತಿ ತೇಲುವುದನ್ನು ಕಂಡು ನಮ್ಮ ಹಿರಿಯ ಮರಿಲಿಂಗಪ್ಪನ ಕಣ್ಣಲ್ಲಿ ನೀರು ಬಂತು. ಇಷ್ಟು ಸಂತಾನ ಯಾರೂ ಕಂಡಿರಲಿಲ್ಲ. ಕಂಡ ಕಂಡಲ್ಲಿ ಕೋಲು ನೆಟ್ಟು ಅರಿವೆ ಕಟ್ಟುತ್ತಾ ಹೋದ. ಮೊದಲು ಒಂದು ಮೂಲೆ ಮುಚ್ಚುತ್ತಿತ್ತು; ಈ ಸಲ ಇಡೀ ಮಡುವೇ ಬಾಣಂತಿ ನೀರಾಯಿತು. ಹಳೆಯ ಸೀರೆ ಸಾಲದೆ ಮದುವೆಯ ಸೀರೆಯ ಅಂಚು ಹರಿದು ಕೊಟ್ಟವರಿದ್ದಾರೆ, ನಾನೂ ಕೊಟ್ಟೆ. ಬಲೆಗಳನ್ನು ಮಡಚಿ ಅಟ್ಟಕ್ಕೆ ಹಾಕಿದೆವು. ನಮಗೆ ಹೊಲವಿಲ್ಲ, ಹೊಲವಿದ್ದವರ ಜೋಳ ಸರಕಾರದ ಲೇವಿಗೆ ಹೋಗಿತ್ತು, ಕೂಲಿ ಕೊಡುವವರಿರಲಿಲ್ಲ. ಈ ಒಂದು ಮಳೆಗಾಲ ತಡೆದರೆ ಮುಂದೆ ಮಕ್ಕಳ ಕಾಲಕ್ಕೂ ಮೀನು ಎಂದು ಹೊಟ್ಟೆಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಕೂತೆವು.

ದಪ್ಪ ಮೀನುಗಳು ಕೆಂಪು ಮರಿಗಳ ಅಡಿಯಲ್ಲೇ ಇರುತ್ತಿದ್ದವು. ನಮ್ಮ ಕಣ್ಣಿಗೆ ಅವು ಕಾಯುತ್ತಿದ್ದವು. ಮರಲ ಮೀನು ಮರಿಗಳ ಕೆಳಗೆ ನಿಂತಿದೆ ಎಂದರೆ ಕಾಯುತ್ತಿದೆ ಎಂದಲ್ಲದೆ ಬೇರೆ ಅರ್ಥ ನಮ್ಮ ಅಜ್ಜ ಮುತ್ತಜ್ಜರಿಗೂ ಗೊತ್ತಿರಲಿಲ್ಲ. ಒಂದು ಬೆಳಿಗ್ಗೆ ಅದು ಬಾಯಿ ತೆರೆದು ಗುಂಪಿನೊಳಗೆ ನುಗ್ಗಿದ್ದನ್ನು ನಾನೇ ನೋಡಿದೆ. ಓಡಿ ಹೋಗಿ ಹೇಳಿದೆ. ಮರಿಲಿಂಗಪ್ಪ ಗದರಿಸಿದ: ‘ತಾಯಿ ಮಕ್ಕಳನ್ನ ಆಡಸಾಕತ್ತದ. ಬಾಣಂತಿ ಮ್ಯಾಲ ಕೆಟ್ಟ ಕಣ್ಣ ಹಾಕಬ್ಯಾಡ.’ ಗುಂಪು ಕರಗುತ್ತಾ ಬಂದಾಗ, ಮರಿ ಬಲಿತು ಕೆಳಗೆ ಹೋದವು ಎಂದರು. ಮತ್ತೆ ತತ್ತಿ ಬಂತು, ಮತ್ತೆ ಅರಿವೆ ಕಟ್ಟಿದರು.

ನನ್ನ ಸಣ್ಣಾಕೆ ಹಣಮಂತಿಗೆ ಶ್ರಾವಣದಲ್ಲಿ ಜ್ವರ ಹತ್ತಿತು. ಹೊಟ್ಟೆಯಲ್ಲಿ ಏನೂ ಇರಲಿಲ್ಲ ಹುಲಗಾ, ಪುಂಡಿಪಲ್ಯೆಯ ನೀರು ಬಿಟ್ಟರೆ. ಜ್ವರಕ್ಕೆ ಸುಡಲು ಅವಳ ಮೈಯಲ್ಲಿ ಏನೂ ಉಳಿದಿರಲಿಲ್ಲ. ಬಾಗಿಲಿನಿಂದ ಮಡು ಕಾಣುತ್ತದೆ. ನಿನ್ನ ಮೀನುಗಳಿಗೆ ಮನುಷ್ಯರ ಅಂಜಿಕೆ ಇಲ್ಲವಲ್ಲ, ದಂಡೆಗೇ ಬಂದು ಬಾಯಿ ಬಿಡುತ್ತಿದ್ದವು. ‘ಯವ್ವಾ, ಅಷ್ಟ ಮೀನ ಅವ, ಒಂದ ಹಿಡಿ’ ಅಂದಳು. ‘ಬಾಣಂತಿ ನೀರವ್ವ, ಹಿಡೀಬಾರ್ದು’ ಅಂದೆ. ‘ಬಾಣಂತಿಗಿ ಹೇಳು, ನನಗ ಹಸಿವ್ಯಾಗ್ಯಾದ ಅಂತ’ ಅಂದಳು. ಅದು ಅವಳು ಸರಿಯಾಗಿ ಆಡಿದ ಕಡೆಯ ಮಾತು. ಅವಳನ್ನು ಮಣ್ಣು ಮಾಡಿ ಬರುವಾಗ ಕೋಲುಗಳ ಮೇಲೆ ಕೆಂಪು ಅರಿವೆ ಗಾಳಿಗೆ ಆಡುತ್ತಿತ್ತು. ನಾನು ಆಗಲೂ ಅದನ್ನು ದಾಟಿ ನೀರಿಗಿಳಿದು ಕಾಲು ತೊಳೆಯಲಿಲ್ಲ. ಮನೆಯ ಕೊಡದ ನೀರಿನಲ್ಲೇ ತೊಳೆದೆ.

ಮಾನವಮಿಗೆ ಅರಿವೆ ಇಳಿಸಿ ಬಲೆ ಬೀಸಿದೆವು. ಬಲೆ ತುಂಬ ಭಾರವಿತ್ತು, ಎಲ್ಲರೂ ಕೂಗಿದರು. ಎಳೆದು ನೋಡಿದರೆ ನೀನು ಕಳಿಸಿದವೇ ಮೀನು, ಇನ್ನಷ್ಟು ಕೊಬ್ಬಿದ್ದವು. ಅವುಗಳ ಮರಿ ಒಂದೂ ಇರಲಿಲ್ಲ. ಮತ್ತೆ ಬೀಸಿದರು, ಇನ್ನೊಂದು ಕಡೆ ಬೀಸಿದರು, ಕತ್ತಲಾಗುವವರೆಗೂ ಬೀಸಿದರು. ನಾನು ಈಳಿಗೆ ತಂದು ಒಂದರ ಹೊಟ್ಟೆ ಸೀಳಿದೆ. ಒಳಗೆ ಕೆಂಪು ಮರಿಗಳು ಇನ್ನೂ ಅರಗದೆ ಮುದ್ದೆಯಾಗಿ ಇದ್ದವು. ಮರಿಲಿಂಗಪ್ಪ ಅಲ್ಲೇ ಕೆಸರಿನಲ್ಲಿ ಕೂತುಬಿಟ್ಟ. ನನ್ನ ಗಂಡ ತಿಮ್ಮಣ್ಣ ಆ ಈಳಿಗೆಯನ್ನು ನನ್ನ ಕೈಯಿಂದ ತೆಗೆದುಕೊಂಡು ನೀರಿಗೆ ಎಸೆದ, ಮಾರನೆಯ ದಿನ ಕಲ್ಲಿನ ಖಣಿಗೆ ಕೂಲಿ ಹುಡುಕಿಕೊಂಡು ಹೋದ. ಹೋಗುವಾಗ, ‘ಹುಡುಗನ್ನ ನಿನ್ನ ಕೈಯಾಗ ಬಿಟ್ಟೀನಿ’ ಅಂದ. ಇನ್ನೂ ಬಂದಿಲ್ಲ, ಸುದ್ದಿಯೂ ಇಲ್ಲ.

ಇಷ್ಟಾದ ಮೇಲೆ ನಿನ್ನ ಗಾಡಿ ಬಂತು. ನಿಜ ಹೇಳುತ್ತೇನೆ, ನಾನು ದೇವಿಂದ್ರನನ್ನು ಕಳಿಸಲು ಗಟ್ಟಿ ಮನಸ್ಸು ಮಾಡಿದ್ದೆ. ಸತ್ತ ಕೂಸಿನ ಮುಖ ನೋಡಿದವಳಿಗೆ ಎರಡು ಹೊತ್ತಿನ ಊಟ ಎಂದರೆ ಏನು ಎಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಅವನ ತಲೆ ಬಾಚಿದೆ. ಇದ್ದ ಒಂದು ಅಂಗಿ ತೊಳೆದು ಹಾಕಿದೆ. ಮಾವನ ಮನೆಯಲ್ಲಿ ಬೆಲ್ಲ ಕೊಡುತ್ತಾರೆ ಎಂದು ಪುಸಲಾಯಿಸಿದೆ. ಅವನು ಬಾಗಿಲ ಕಂಬ ಹಿಡಿದುಕೊಂಡ. ನಾನು ಒಂದೊಂದೇ ಬೆರಳು ಬಿಡಿಸಿ, ಎತ್ತಿ ಗಾಡಿಯಲ್ಲಿ ಹಾಕಿದೆ. ಗಾಡಿಯವನು ಹಗ್ಗ ಎಳೆದ. ಆಗ ಕಚ್ಚಿದ ನೋಡು. ನನ್ನ ಬಲಗೈ ಹೆಬ್ಬೆರಳಿನ ಬುಡ ಹಿಡಿದು, ಹಲ್ಲು ಎಲುಬಿಗೆ ತಾಗುವ ಹಾಗೆ ಕಚ್ಚಿದ. ನಾನು ಚೀರಿದೆ, ಎಡಗೈಯಿಂದ ಅವನ ಕೆನ್ನೆಗೆ ಹೊಡೆದೆ, ಬಿಡಲಿಲ್ಲ. ಕಣ್ಣು ಮುಚ್ಚಿರಲಿಲ್ಲ ಹುಲಗಾ. ನನ್ನನ್ನೇ ನೋಡುತ್ತಾ ಕಚ್ಚಿ ಹಿಡಿದಿದ್ದ.

ಆ ಕಣ್ಣನ್ನು ನಾನು ಮೊದಲೂ ನೋಡಿದ್ದೆ. ನಿನ್ನನ್ನು ವಾಡೆಯ ಗಾಡಿಗೆ ಹತ್ತಿಸಿದ ದಿನ ನೀನೂ ಕಚ್ಚಿದ್ದೆ. ಅಪ್ಪನ ಮುಂಗೈ. ಅವತ್ತು ಅಪ್ಪ ನಿನ್ನ ಮೂಗು ಹಿಡಿದು ಬಾಯಿ ಬಿಡಿಸಿ ಗಾಡಿ ಸಾಗಹಾಕಿದ. ನಿನಗೆ ಗೊತ್ತಿಲ್ಲದ ಒಂದು ಮಾತು ಹೇಳುತ್ತೇನೆ. ಅಪ್ಪ ಸಾಯುವವರೆಗೂ, ಬಲೆ ಹೆಣೆಯುವಾಗಲೂ ಉಣ್ಣುವಾಗಲೂ, ಆ ಕಲೆಯ ಮೇಲೆ ಹೆಬ್ಬೆರಳು ಆಡಿಸುತ್ತಿದ್ದ. ಯಾಕಪ್ಪಾ, ನೋಯುತ್ತದೇನು ಎಂದು ಕೇಳಿದರೆ, ‘ನೋಯಂಗಿಲ್ಲವ್ವ, ಅದ ನೋಡು ಸಂಕಟ’ ಅಂದಿದ್ದ. ಅಂಥ ಹಲ್ಲಿನ ಹುಡುಗನನ್ನು ವಾಡೆ ಏನು ಮಾಡಿತು? ಹೊಡೆದು ಅಲ್ಲ. ಉಣ್ಣಿಸಿ, ಉಡಿಸಿ, ಅಕ್ಷರ ಕಲಿಸಿ, ಸುಮ್ಮನಿದ್ದಾಗಲೆಲ್ಲ ಬೆನ್ನು ಚಪ್ಪರಿಸಿ, ಕೊನೆಗೆ ಹೆಂಡತಿಯ ದವಡೆ ಬಿಡಿಸುವ ಗಂಡನನ್ನಾಗಿ ಮಾಡಿತು. ನಾನು ನಿನ್ನನ್ನು ಬಯ್ಯುತ್ತಿದ್ದೇನೆ, ಆದರೆ ನೀನು ನನ್ನ ತಮ್ಮ.

ಗಾಡಿ ನಿಲ್ಲಿಸು ಅಂದೆ. ಅವನನ್ನು ಇಳಿಸಿಕೊಂಡೆ. ನನ್ನ ಕೈ ಅವನ ಬಾಯಲ್ಲೇ ಇತ್ತು, ಹಾಗೇ ಎತ್ತಿಕೊಂಡು ಮನೆಯೊಳಗೆ ಬಂದೆ. ಒಳಗೆ ಬಂದ ಮೇಲೆ ತಾನೇ ಬಿಟ್ಟ, ರಕ್ತ ನೋಡಿ ಅವನೇ ಅತ್ತ. ಅಳಬೇಡ ಮಗನೇ, ಚಲೋ ಮಾಡಿದಿ ಅಂದೆ. ಗಾಯ ಕೀವಾಗಿದೆ, ಬಲೆಯ ಗಂಟು ಹಾಕಲು ಬಾರದು. ಇವತ್ತು ಬೆಳಿಗ್ಗೆಯೂ ಮನೆಯಲ್ಲಿ ಬರೀ ಪುಂಡಿಪಲ್ಯೆ, ರೊಟ್ಟಿ ಇಲ್ಲ. ಹುಡುಗ ಉಳಿಯುತ್ತಾನೋ ಇಲ್ಲವೋ ನನಗೆ ಗೊತ್ತಿಲ್ಲ. ನನ್ನ ಜೊತೆ ಹಸಿದು ಸತ್ತರೆ ಸಾಯಲಿ ಎಂದು ಬರೆಸುವಷ್ಟು ಕಲ್ಲು ಮನಸ್ಸು ನನ್ನದಲ್ಲ. ಮಾಸ್ತರರು ಅಲ್ಲಿಗೆ ಬರೆಯುವುದು ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದಾರೆ. ಬರೀರಿ ಮಾಸ್ತರ್ರ: ನಾನು ದೇವಿಂದ್ರನನ್ನು ಕೊಡುವುದಿಲ್ಲ. ಹಳ್ಳದುದ್ದಕ್ಕೂ ಮೇಲಕ್ಕೆ ನಡೆಯುತ್ತೇನೆ, ಅವನನ್ನು ಬೆನ್ನಿಗೆ ಕಟ್ಟಿಕೊಂಡು. ಎಲ್ಲಾದರೂ ಒಂದು ಗುಂಡಿಯಲ್ಲಿ ಹಳೆಯ ಮರಲ ಉಳಿದಿದ್ದರೆ ನೀರಿಗೆ ಕೈ ಇಟ್ಟು ನೋಡುತ್ತೇನೆ. ಕಚ್ಚಿದರೆ ಅಲ್ಲೇ ಗುಡಿಸಲು ಹಾಕುತ್ತೇನೆ.

ಎಳ್ಳಮಾಸಿಗೆ ಮೀನು ಕಳಿಸಬೇಡ. ಕಳಿಸಿದರೆ ಗಡಿಗೆ ಒಡೆಯುತ್ತೇವೆ, ಇದು ಇಡೀ ದಂಡೆಯವರ ಮಾತು. ಹುಡುಗ ಬರಲಿಲ್ಲ ಎಂದು ವಾಡೆಯಲ್ಲಿ ನಿನಗೆ ಪೆಟ್ಟು ಬಿದ್ದರೆ ತಡೆದುಕೋ. ಗಾಡಿ ಮಾತ್ರ ಬರಲಿ, ಅದರಲ್ಲಿ ನೀನು ಬಾ; ನಾನು ಇಲ್ಲಿ ಸಿಗದಿದ್ದರೆ ಹಳ್ಳದ ಗುಂಟ ಮೇಲಕ್ಕೆ ಬಾ. ಒಬ್ಬನೇ ಬರಬೇಡ, ಒಳಮನೆಗೆ ನಡೆದು ಹೋಗಿ ಕಲ್ಯಾಣಿಯನ್ನು ಕೈ ಹಿಡಿದು ಕರೆದುಕೊಂಡು ಬಾ. ಅವಳು ತಟ್ಟೆ ಕೆಳಗಿಟ್ಟು ಸುಮ್ಮನೆ ನಿನ್ನ ಹಿಂದೆ ಬಂದರೆ ದಾರಿಯುದ್ದಕ್ಕೂ ಅಳು. ಒಲ್ಲೆ ಎಂದು ಕಿರುಚಿ ನಿನ್ನ ಕೈ ಕಚ್ಚಿದರೆ ಗಂಗಮ್ಮನಿಗೆ ಕಾಯಿ ಒಡೆ, ನಿನ್ನ ಮಗಳು ಇನ್ನೂ ಇದ್ದಾಳೆ.

ಬಲಗೈ ಏಳದು, ಎಡಗೈ ಹೆಬ್ಬೆಟ್ಟು ಒತ್ತಿದ್ದೇನೆ. ನೀನು ಚೆನ್ನಾಗಿರು ಎಂದು ಹರಸಲು ಬಾಯಿ ಬರುತ್ತಿಲ್ಲ, ಚೆನ್ನಾಗಿಯೇ ಇದ್ದೀಯ, ಅದೇ ನನ್ನ ದುಃಖ. ಗಂಗಮ್ಮ ನಿನ್ನ ಬಾಯಿಗೆ ಮತ್ತೆ ಹಲ್ಲು ಕೊಡಲಿ.

ನಿನ್ನ ಅಕ್ಕ,
ಮೌನಮ್ಮ